ಲೋಳೆ ಅಂತ ಮೂಗು ಮುರಿಯೋ ಮುಂಚೆ

ಕಳೆದ ಸೆಮಿಸ್ಟರ್‌ನ ಹ್ಯಾಕಥಾನ್‌ನಲ್ಲಿ ನಮ್ಮ ಟೀಮಿಗೆ ಬಹುಮಾನ ಬರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀವಿ. ಇಲ್ಲಾಂದ್ರೆ ಬರಹ ಓದಿ ಮುಗಿಸಿದ ಮೇಲೆ "ಓಹೋ, ಸೋತವರ ಹೊಟ್ಟೆಯುರಿ" ಅಂತ ನೀವೇ ಕಂಡುಹಿಡೀತೀರಿ. ಸ್ವಲ್ಪ ಹೊಟ್ಟೆಯುರಿ ಇದೆ, ಸುಳ್ಳು ಹೇಳಲ್ಲ. ಆದರೆ ಸೋತ ಮೇಲೆ ನಮಗೆ ಗೊತ್ತಾದ ವಿಷಯ ಪಿಚ್‌ಗಿಂತ ದೊಡ್ಡದಿತ್ತು. ಅದಕ್ಕೇ ಇದನ್ನ ಬರೀತಿದ್ದೀವಿ.

ನಾವು ನಾಲ್ಕು ಜನ. ಮೂವರು ಬಯೋಟೆಕ್ನಾಲಜಿ, ಒಬ್ಬ ಎಲೆಕ್ಟ್ರಾನಿಕ್ಸ್. ಬಯೋಟೆಕ್ ತಗೊಂಡಿದ್ದೀವಿ ಅಂದಾಗ ಮದುವೆಮನೆಯಲ್ಲಿ ಜನ ನೋಡೋ ನೋಟ ನಿಮಗೂ ಗೊತ್ತು: "ಕಂಪ್ಯೂಟರ್ ಸೈನ್ಸ್ ಸಿಗಲಿಲ್ವಾ?" ನಾಲ್ವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಅದಕ್ಕೆ ಇಲ್ಲಿ ಎಲ್ಲಾದರೂ ಒತ್ತಕ್ಷರ ಜಾರಿದ್ದರೆ ಸಂಪಾದಕರು ಕ್ಷಮಿಸಬೇಕು. "ಪಾಲಿಮರ್‌ಗೆ ಕನ್ನಡದಲ್ಲಿ ಏನಂತಾರೆ" ಅಂತ ಒಂದು ಸಂಜೆ ಪೂರ್ತಿ ಜಗಳ ಆಡಿ, ಕೊನೆಗೆ ಪಾಲಿಮರ್ ಅಂತಲೇ ಬಿಟ್ಟಿದ್ದೀವಿ. ಸರಪಳಿ ಅಂದ್ರೂ ಆಗುತ್ತೆ.

ನಮ್ಮ ಪಿಚ್ ಹೀಗಿತ್ತು: ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿಗೆ ಹಿಡಿಯೋ ಲೋಳೆಯನ್ನ ಸಂಗ್ರಹಿಸಿ ರಕ್ತದ ಪ್ಲಾಸ್ಮಾಕ್ಕೆ ಬದಲಿ ದ್ರವ ಮಾಡೋದು. ಕಸದಿಂದ ರಸ. ಸ್ಲೈಡ್‌ನಲ್ಲಿ ಒಂದು ಕಡೆ ಕಬ್ಬಿನ ಗಾಡಿ, ಇನ್ನೊಂದು ಕಡೆ ಡ್ರಿಪ್ ಬಾಟಲಿ, ನಡುವೆ ಹಸಿರು ಬಾಣ. ನೋಡೋಕೆ ಚೆನ್ನಾಗಿತ್ತು.

ಆ ಲೋಳೆಯ ಹೆಸರು ಡೆಕ್ಸ್‌ಟ್ರಾನ್. ಎರಡನೇ ವರ್ಷದ ಪುಸ್ತಕದಲ್ಲಿ ಅದಕ್ಕೆ ಒಂದು ಸಾಲು ಸಿಕ್ಕಿದೆ: ಬ್ಯಾಕ್ಟೀರಿಯಾ ತಯಾರಿಸುವ ಗ್ಲುಕೋಸ್ ಪಾಲಿಮರ್, ಪ್ಲಾಸ್ಮಾ ಎಕ್ಸ್‌ಪಾಂಡರ್ ಆಗಿ ಬಳಕೆ. ಎರಡು ಮಾರ್ಕಿನ ಪ್ರಶ್ನೆ. ನಾವೂ ಹಾಗೇ ಉರು ಹೊಡೆದಿದ್ವಿ.

ಸರಿ, ಇದು ಹುಟ್ಟೋದು ಹೇಗೆ? ಲ್ಯೂಕೋನಾಸ್ಟಾಕ್ ಮೆಸೆಂಟರಾಯ್ಡಿಸ್ ಅಂತ ಒಂದು ಬ್ಯಾಕ್ಟೀರಿಯಾ. ಹೆಸರು ಕೇಳಿ ಹೆದರಬೇಡಿ, ಅದು ನಿಮ್ಮ ಅಡುಗೆಮನೆಯ ನೆಂಟ. ರಾತ್ರಿ ಉದ್ದಿನಬೇಳೆ, ಅಕ್ಕಿ ರುಬ್ಬಿ ಇಟ್ಟ ಹಿಟ್ಟು ಬೆಳಗ್ಗೆ ಉಬ್ಬಿ ಪಾತ್ರೆಯಿಂದ ಹೊರಗೆ ಇಣುಕುತ್ತಲ್ಲ, ಆ ಗಾಳಿ ತುಂಬೋ ಕೆಲಸದಲ್ಲಿ ಮುಖ್ಯ ಪಾತ್ರ ಇದರದ್ದೇ. ಇಡ್ಲಿ ಹಿಟ್ಟಿನಲ್ಲಿ ಸಕ್ಕರೆ ಹೆಚ್ಚಿಲ್ಲ, ಹಾಗಾಗಿ ಅಲ್ಲಿ ಅದು ಸಾಧು. ಅದೇ ಬ್ಯಾಕ್ಟೀರಿಯಾಗೆ ಸುಕ್ರೋಸ್ ಧಾರಾಳವಾಗಿ ಸಿಕ್ಕಿತು ಅನ್ನಿ, ಡೆಕ್ಸ್‌ಟ್ರಾನ್‌ಸುಕ್ರೇಸ್ ಅನ್ನೋ ಕಿಣ್ವವನ್ನ ಹೊರಗೆ ಬಿಡುತ್ತೆ. ಸುಕ್ರೋಸ್ ಅಂದ್ರೆ ಗ್ಲುಕೋಸ್ ಮತ್ತು ಫ್ರಕ್ಟೋಸ್ ಕೈ ಹಿಡಿದುಕೊಂಡಿರೋ ಜೋಡಿ. ಕಿಣ್ವ ಆ ಕೈ ಬಿಡಿಸಿ ಗ್ಲುಕೋಸನ್ನ ಸರಪಳಿಗೆ ಪೋಣಿಸಿ, ಫ್ರಕ್ಟೋಸನ್ನ ಆಚೆ ತಳ್ಳುತ್ತೆ. ಪೋಣಿಸೋಕೆ ಬೇಕಾದ ಶಕ್ತಿ ಮುರಿದ ಆ ಬಂಧದಿಂದಲೇ ಬರುತ್ತೆ, ಎಟಿಪಿ ಖರ್ಚಿಲ್ಲ. ಈ ಜಿಪುಣತನ ನೋಡಿ ನಮಗೆ ನಿಜಕ್ಕೂ ಖುಷಿ ಆಯ್ತು. ಒಂದರ ಹಿಂದೆ ಒಂದು ಗ್ಲುಕೋಸ್, ಹೆಚ್ಚುಕಮ್ಮಿ ಎಲ್ಲವೂ ಆಲ್ಫಾ 1,6 ಕೊಂಡಿ, ಅಲ್ಲಲ್ಲಿ ಒಂದೊಂದು ಕವಲು. ಅಣುತೂಕ ಲಕ್ಷಗಳನ್ನ ದಾಟಿ ಕೋಟಿಗಳಿಗೆ ಹೋಗುತ್ತೆ. ಹಾಗಾದಾಗ ರಸ ರಸವಾಗಿ ಉಳಿಯಲ್ಲ, ಲೋಳೆಸರದ ಥರ ಎಳೆ ಬಿಡುತ್ತೆ.

ಈ ಲೋಳೆಗೆ ಕಾರಣ ಸೂಕ್ಷ್ಮಜೀವಿ ಅಂತ 1861ರಲ್ಲಿ ತೋರಿಸಿದವರು ಲೂಯಿ ಪಾಶ್ಚರ್, ಅದೂ ಕೆಟ್ಟ ವೈನ್ ನೋಡುತ್ತಾ. ಡೆಕ್ಸ್‌ಟ್ರಾನ್ ಅನ್ನೋ ಹೆಸರು 1874ರದ್ದು, ಬ್ಯಾಕ್ಟೀರಿಯಾಗೆ ಹೆಸರಿಟ್ಟಿದ್ದು 1878ರಲ್ಲಿ. ಆಮೇಲೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಇದು ಬರೀ ತಲೆನೋವು. ಪೈಪು ಕಟ್ಟಿಸೋ ಕೊಳಕು, ಅಷ್ಟೇ.

ತಲೆನೋವು ಔಷಧಿ ಆಗಿದ್ದು ಸ್ವೀಡನ್‌ನ ಉಪ್ಸಾಲಾದಲ್ಲಿ. ಎರಡನೇ ಮಹಾಯುದ್ಧದ ಸಮಯ. ಅಲ್ಲಿ ಕಬ್ಬಿಲ್ಲ, ಬೀಟ್‌ರೂಟಿನಿಂದ ಸಕ್ಕರೆ. ಬೀಟ್ ರಸ ಲೋಳೆ ಆಗ್ತಿದೆ ಅನ್ನೋ ಸಮಸ್ಯೆ ಅರ್ನೆ ಟಿಸೇಲಿಯಸ್ ಅವರ ವಿಭಾಗಕ್ಕೆ ಬಂತು. ಪ್ರೋಟೀನುಗಳನ್ನ ಬೇರ್ಪಡಿಸೋ ಎಲೆಕ್ಟ್ರೋಫೋರೆಸಿಸ್‌ಗೆ 1948ರಲ್ಲಿ ನೊಬೆಲ್ ಪಡೆದವರು ಅವರೇ. ಅಲ್ಲಿ ಕೆಲಸ ಮಾಡ್ತಿದ್ದ ಬ್ಯೋರ್ನ್ ಇಂಗೆಲ್‌ಮನ್ ಮತ್ತು ವೈದ್ಯ ಆಂಡರ್ಸ್ ಗ್ರೋನ್‌ವಾಲ್ ಇಬ್ಬರೂ ಸೇರಿ, ಈ ಲೋಳೆಯ ದೊಡ್ಡ ಅಣುಗಳನ್ನ ಸರಿಯಾದ ಅಳತೆಗೆ ಕತ್ತರಿಸಿದರೆ ರಕ್ತದ ಪ್ರೋಟೀನಿನ ಕೆಲಸ ಮಾಡಬಹುದಲ್ವಾ ಅಂತ ಯೋಚಿಸಿದರು. ಫಾರ್ಮಾಸಿಯಾ ಕಂಪನಿ 1947ರಲ್ಲಿ ಮ್ಯಾಕ್ರೋಡೆಕ್ಸ್ ಅನ್ನೋ ಹೆಸರಲ್ಲಿ ಅದನ್ನ ಮಾರುಕಟ್ಟೆಗೆ ತಂತು.

ಯಾಕೆ ಕತ್ತರಿಸಬೇಕು? ಇಲ್ಲೇ ಇಡೀ ಕಥೆಯ ಎಂಜಿನಿಯರಿಂಗ್ ಇರೋದು. ಅಪಘಾತದಲ್ಲಿ ರಕ್ತ ಹರಿದುಹೋದಾಗ ತಕ್ಷಣದ ಗಂಡಾಂತರ ಅಂದ್ರೆ ನಾಳದೊಳಗಿನ ದ್ರವದ ಪ್ರಮಾಣ ಕುಸಿಯೋದು. ಬರೀ ಉಪ್ಪುನೀರು ಹಾಕಿದರೆ ಅದರ ಬಹುಪಾಲು ಸ್ವಲ್ಪ ಹೊತ್ತಿಗೇ ನಾಳದಿಂದ ಸೋರಿ ಅಂಗಾಂಶಕ್ಕೆ ಇಳಿಯುತ್ತೆ. ನೀರನ್ನ ಒಳಗೇ ಹಿಡಿದಿಡೋಕೆ ನಾಳದ ಗೋಡೆ ದಾಟದಷ್ಟು ದೊಡ್ಡ ಅಣು ಬೇಕು. ನಮ್ಮ ರಕ್ತದಲ್ಲಿ ಆ ಕೆಲಸ ಆಲ್ಬುಮಿನ್‌ನದ್ದು, ಅಣುತೂಕ ಸುಮಾರು 66 ಸಾವಿರ. ಡೆಕ್ಸ್‌ಟ್ರಾನ್ 70 ಅಂದ್ರೆ ಸರಾಸರಿ 70 ಸಾವಿರ ಅಣುತೂಕಕ್ಕೆ ಕತ್ತರಿಸಿದ್ದು. ಈ ಹೊಂದಾಣಿಕೆ ಆಕಸ್ಮಿಕ ಅಲ್ಲ. ಐವತ್ತು ಸಾವಿರದ ಕೆಳಗಿನ ತುಂಡುಗಳು ಮೂತ್ರದಲ್ಲಿ ಬೇಗ ಹೊರಟುಹೋಗ್ತವೆ. ತೀರಾ ದೊಡ್ಡವು ರಕ್ತಕಣಗಳನ್ನ ಒಂದರ ಮೇಲೊಂದು ನಾಣ್ಯದ ಗೋಪುರದ ಹಾಗೆ ಅಂಟಿಸಿಬಿಡ್ತವೆ. ನಡುವಿನ ಅಳತೆ ಸಿಕ್ಕರೆ ಒಂದು ಗ್ರಾಂ ಡೆಕ್ಸ್‌ಟ್ರಾನ್ 20ರಿಂದ 25 ಮಿಲಿಲೀಟರ್ ನೀರನ್ನ ಕಟ್ಟಿಹಾಕುತ್ತೆ. ಆ ಅಳತೆಗೆ ತರೋಕೆ ಆಮ್ಲ ಹಾಕಿ ಸರಪಳಿ ಮುರಿದು, ಆಲ್ಕೋಹಾಲ್ ಸೇರಿಸುತ್ತಾ ದೊಡ್ಡದರಿಂದ ಚಿಕ್ಕದಕ್ಕೆ ಹಂತಹಂತವಾಗಿ ಕೆಳಗಿಳಿಸ್ತಾರೆ. ಜರಡಿ ಹಿಡಿದ ಹಾಗೆ.

ಅಮೆರಿಕಾದಲ್ಲಿ ಇದೇ ದಾರಿ ಹಿಡಿದವರು ಅಲೀನ್ ಜೀನ್ಸ್. ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಕೃಷಿ ಇಲಾಖೆಯ ಲ್ಯಾಬ್‌ನಲ್ಲಿದ್ದ ರಸಾಯನಶಾಸ್ತ್ರಜ್ಞೆ. ಒಂದು ತಂಪುಪಾನೀಯ ಕಂಪನಿಯ ರೂಟ್ ಬಿಯರ್ ಬಾಟಲಿ ಲೋಳೆ ಹಿಡಿದು ಅವರ ಲ್ಯಾಬ್‌ಗೆ ಬಂತು. ಬೇರೆಯವರಾಗಿದ್ದರೆ ಸಿಂಕಿಗೆ ಸುರಿತಿದ್ದರೋ ಏನೋ. ಅದರಲ್ಲಿ ಸಿಕ್ಕ ಬ್ಯಾಕ್ಟೀರಿಯಾ ತಳಿ ಬಿ-512. ಅದರ ಸಂತತಿಯೇ ಇವತ್ತಿಗೂ ಕಾರ್ಖಾನೆಗಳಲ್ಲಿ ಡೆಕ್ಸ್‌ಟ್ರಾನ್ ಮಾಡ್ತಿದೆ. ಕೊರಿಯಾ ಯುದ್ಧ ನಡೀತಿದ್ದಾಗ ಗಾಯಾಳುಗಳಿಗೆ ಈ ದ್ರವ ಹೋಯಿತು. 1953ರಲ್ಲಿ ಕೃಷಿ ಇಲಾಖೆಯ ಅತ್ಯುನ್ನತ ಸೇವಾ ಪದಕ ಪಡೆದ ಮೊದಲ ಮಹಿಳೆ ಜೀನ್ಸ್. ಆಮೇಲೆ ಕ್ಸಾಂಥಾನ್ ಗಮ್ ತಯಾರಿಕೆಗೆ ದಾರಿ ಮಾಡಿದ್ದೂ ಅವರ ತಂಡವೇ. ಹಾಸ್ಟೆಲ್ ಮೆಸ್‌ನ ಸಾಸ್ ಬಾಟಲಿಯ ಹಿಂದೆ ಆ ಹೆಸರು ಹುಡುಕಿ ನೋಡಿ. ಇಷ್ಟೆಲ್ಲಾ ಮಾಡಿದವರ ಹೆಸರು ನಮ್ಮ ಪುಸ್ತಕದಲ್ಲಿ ಇಲ್ಲ. ಈ ಒಂದು ವಿಷಯದಲ್ಲಿ ನಮಗೆ ಕೋಪ ಇದೆ, ಮುಂದೆ ಹೋಗೋಣ.

ಹಾಗಂತ ಡೆಕ್ಸ್‌ಟ್ರಾನ್‌ನ ಹೊಗಳಿ ಅಟ್ಟಕ್ಕೇರಿಸೋಕೆ ನಾವು ಬಂದಿಲ್ಲ. ಅದು ರಕ್ತ ಅಲ್ಲ, ಆಕ್ಸಿಜನ್ ಹೊರಲ್ಲ. ರಕ್ತದ ಗುಂಪು ನೋಡೋ ಪರೀಕ್ಷೆಗೆ ಅಡ್ಡ ಬರುತ್ತೆ, ಹಾಗಾಗಿ ಸ್ಯಾಂಪಲ್ ಮೊದಲೇ ತೆಗೆದಿಡಬೇಕು. ಹೆಚ್ಚಾದರೆ ರಕ್ತ ಹೆಪ್ಪುಗಟ್ಟೋದು ನಿಧಾನ ಆಗುತ್ತೆ, ಕಿಡ್ನಿಗೂ ಪೆಟ್ಟು ಬೀಳಬಹುದು. ಕೆಲವರಿಗೆ ತೀವ್ರ ಅಲರ್ಜಿ. ಕಾರಣ ಸ್ವಾರಸ್ಯವಾಗಿದೆ: ನಮ್ಮ ಬಾಯಿ, ಕರುಳಿನ ಬ್ಯಾಕ್ಟೀರಿಯಾಗಳೂ ಇಂಥದ್ದೇ ಸರಪಳಿ ನೇಯ್ತಾವೆ, ಹಲ್ಲಿನ ಮೇಲೆ ಕೂರೋ ಪಾಚಿಯಲ್ಲೂ ಇದೆ. ಹೀಗಾಗಿ ಕೆಲವರ ದೇಹದಲ್ಲಿ ಇದರ ವಿರುದ್ಧ ಪ್ರತಿಕಾಯ ಮೊದಲೇ ತಯಾರಿರುತ್ತೆ. ಅದಕ್ಕೆ ಕಂಡುಕೊಂಡ ಉಪಾಯವೂ ಡೆಕ್ಸ್‌ಟ್ರಾನೇ. ಸಾವಿರ ಅಣುತೂಕದ ಪುಟ್ಟ ತುಂಡುಗಳನ್ನ ಮೊದಲು ಕೊಟ್ಟರೆ ಅವು ಪ್ರತಿಕಾಯಗಳ ಬಾಯಿ ಮುಚ್ಚಿಸ್ತವೆ, ಹಿಂದೆ ಬರೋ ದೊಡ್ಡಣ್ಣ ಸುರಕ್ಷಿತ. ಮುಳ್ಳನ್ನ ಮುಳ್ಳಿಂದಲೇ ತೆಗೆದ ಹಾಗೆ. ಇಷ್ಟಾದರೂ ಇವತ್ತು ಆಸ್ಪತ್ರೆಗಳಲ್ಲಿ ಪ್ಲಾಸ್ಮಾ ಬದಲಿಗೆ ಡೆಕ್ಸ್‌ಟ್ರಾನ್ ಬಳಕೆ ತುಂಬಾ ಕಡಿಮೆ. ನಮ್ಮ ಪಿಚ್‌ನಲ್ಲಿ ಈ ಸಾಲು ಇರಲಿಲ್ಲ. ಬೇಕಂತಲೇ ಇರಲಿಲ್ಲ.

ಹೆಚ್ಚು ಬದುಕಿಕೊಂಡಿರೋದು ಅದರ ಬೇರೆ ಅವತಾರಗಳು. ಕಣ್ಣು ಒಣಗಿದರೆ ಹಾಕೋ ಕೆಲವು ಡ್ರಾಪ್ಸ್‌ನಲ್ಲಿ ಡೆಕ್ಸ್‌ಟ್ರಾನ್ 70 ಇದೆ. ಕಸಿಗೆ ಒಯ್ಯೋ ಶ್ವಾಸಕೋಶವನ್ನ ತೊಳೆದು ತಂಪಾಗಿಡೋ ದ್ರವದಲ್ಲಿ ಡೆಕ್ಸ್‌ಟ್ರಾನ್ 40 ಇದೆ. ದಾನಿಯ ಕಣ್ಣಿನ ಕಾರ್ನಿಯಾವನ್ನ ನೇತ್ರಬ್ಯಾಂಕಿನಲ್ಲಿ ಕೆಲವು ದಿನ ಇಡೋ ಎಂ.ಕೆ. ಮೀಡಿಯಂನಲ್ಲೂ ಇದೆ. ಕಾರ್ನಿಯಾ ನೀರು ಕುಡಿದು ಊದಿಕೊಂಡರೆ ಮಂಜಾಗಿಬಿಡುತ್ತೆ, ಹೊರಗಿನ ದ್ರವದಲ್ಲಿ ಡೆಕ್ಸ್‌ಟ್ರಾನ್ ಇದ್ದರೆ ಅದು ನೀರನ್ನ ಆಚೆ ಎಳೆದು ಹಿಡಿಯುತ್ತೆ. 2021ರಲ್ಲಿ ಅಪ್ಪು ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ಆಮೇಲೆ ನಮ್ಮ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಕೊಡೋರ ಸಾಲೇ ಹತ್ತಿತು. ನಮ್ಮ ಹಾಸ್ಟೆಲ್‌ನಲ್ಲೂ ಫಾರಂ ತುಂಬಿದವರಿದ್ದಾರೆ. ದಾನಿಯ ಕಣ್ಣಿಂದ ಪಡೆಯೋರ ಕಣ್ಣಿಗೆ ಹೋಗೋ ನಡುವಿನ ಆ ಪುಟ್ಟ ಬಾಟಲಿಯಲ್ಲಿ ಏನಿರುತ್ತೆ ಅಂತ ನಾವು ಯಾವತ್ತೂ ಕೇಳಿರಲಿಲ್ಲ.

ಇನ್ನೊಂದು ಕಬ್ಬಿಣದ ಇಂಜೆಕ್ಷನ್. ಕಬ್ಬಿಣವನ್ನ ನೇರವಾಗಿ ರಕ್ತಕ್ಕೆ ಬಿಟ್ಟರೆ ವಿಷ, ಸಕ್ಕರೆ ಸರಪಳಿಯ ಕವಚ ಹಾಕಿ ಬಿಟ್ಟರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತೆ. ಐರನ್ ಡೆಕ್ಸ್‌ಟ್ರಾನ್ 1950ರ ದಶಕದಿಂದ ಇದೆ. ಅಲರ್ಜಿ ಭಯ ಇದ್ದೇ ಇರೋದರಿಂದ ಮೊದಲು ಒಂದು ಚೂರು ಕೊಟ್ಟು ನೋಡ್ತಾರೆ. ಈಗ ಬಂದಿರೋ ಫೆರಿಕ್ ಡೆರಿಸೋಮಾಲ್ಟೋಸ್‌ನ ಕವಚವೂ ಡೆಕ್ಸ್‌ಟ್ರಾನ್‌ನ ಪುಟ್ಟ ತುಂಡುಗಳಿಂದಲೇ ಮಾಡಿದ್ದು, ಅಲರ್ಜಿ ಕಡಿಮೆ ಆಗೋ ಹಾಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಜನಕ್ಕೆ ರಕ್ತಹೀನತೆ. ಗರ್ಭಿಣಿಯರಿಗೆ ಮಾತ್ರೆ ಬದಲು ಇಂಥ ಇಂಜೆಕ್ಷನ್ ಕೊಟ್ಟರೆ ಹೇಗೆ ಅಂತ ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರ ಜೊತೆ ರಾಪಿಡ್‌ಐರನ್ ಅನ್ನೋ ಅಧ್ಯಯನ ನಡೀತು. ಹೋಲಿಸಿದ ಎರಡು ಇಂಜೆಕ್ಷನ್‌ಗಳಲ್ಲಿ ಒಂದು ಈ ಡೆರಿಸೋಮಾಲ್ಟೋಸ್. ನಮ್ಮ ಕಡೆಯಿಂದ ಮುಂದೆ ನಿಂತಿದ್ದು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು.

ಬೆಳಗಾವಿ! ಜಿಲ್ಲೆ ತುಂಬಾ ಸಕ್ಕರೆ ಕಾರ್ಖಾನೆಗಳು. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರೋದೂ ಅಲ್ಲೇ. ಒಂದೇ ಊರಲ್ಲಿ ಒಂದು ಕಡೆ ಡೆಕ್ಸ್‌ಟ್ರಾನ್‌ನ ಶನಿ ಅಂತ ಬೈತಾರೆ, ಇನ್ನೊಂದು ಕಡೆ ಅದರ ಮೊಮ್ಮಗನನ್ನ ಸೂಜಿಯಲ್ಲಿ ತುಂಬಿ ತಾಯಂದಿರಿಗೆ ಕೊಡ್ತಾರೆ. ಇಷ್ಟು ಓದಿದ ಮೇಲೆ ನಮ್ಮ ಹಸಿರು ಬಾಣದ ಸ್ಲೈಡ್ ಬಗ್ಗೆ ನಮಗೆ ಪೂರ್ತಿ ನಂಬಿಕೆ ಬಂದುಬಿಟ್ಟಿತ್ತು.

ಆ ನಂಬಿಕೆಗೆ ಕಲ್ಲು ಹಾಕಿದ್ದು ಜಡ್ಜ್ ಅಲ್ಲ. ಅವರು ಪಾಪ "ಒಳ್ಳೆ ಐಡಿಯಾ, ಸ್ಕೇಲ್ ಆಗುತ್ತಾ?" ಅಂತ ಎಲ್ಲರಿಗೂ ಕೇಳಿದ ಹಾಗೆ ಕೇಳಿ ಮುಂದೆ ಹೋದರು. ಕಲ್ಲು ಹಾಕಿದ್ದು ನಮ್ಮಲ್ಲೊಬ್ಬಳ ಸೋದರಮಾವ. ಸಕ್ಕರೆ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ಸ್ಲೈಡ್ ನೋಡಿ ಜೋರಾಗಿ ನಕ್ಕರು. "ನನ್ನ ಕಾರ್ಖಾನೆ ಲೋಳೆ ನಿನ್ನ ರಕ್ತಕ್ಕೆ ಹಾಕ್ಕೋತೀಯೇನಮ್ಮಾ?" ಅಂದರು.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕಬ್ಬಿನ ಹಾಲಿನಲ್ಲಿ ಮಣ್ಣು, ಮೇಣ, ಪಿಷ್ಟ, ನೂರೆಂಟು ಸೂಕ್ಷ್ಮಜೀವಿಗಳು, ಅವು ಸತ್ತು ಉಳಿಸೋ ಜ್ವರ ಬರಿಸೋ ವಿಷಗಳು. ಔಷಧಿ ಡೆಕ್ಸ್‌ಟ್ರಾನ್ ಮಾಡೋರು ಶುದ್ಧ ಸುಕ್ರೋಸ್ ತಗೊಂಡು, ಗೊತ್ತಿರೋ ಒಂದೇ ತಳಿ ಹಾಕಿ, ಮುಚ್ಚಿದ ತೊಟ್ಟಿಯಲ್ಲಿ ಮಾಡ್ತಾರೆ. ಕೊಳಕಿನಿಂದ ಔಷಧಿ ಸೋಸೋದಕ್ಕಿಂತ ಸಕ್ಕರೆಯಿಂದ ಔಷಧಿ ಮಾಡೋದು ಅಗ್ಗ. ಎಂಬತ್ತು ವರ್ಷದಿಂದ ಯಾರೂ ಲೋಳೆ ಸಂಗ್ರಹಿಸದೆ ಇರೋದು ದಡ್ಡತನದಿಂದ ಅಲ್ಲ. ನಮಗೆ ಇಷ್ಟು ಹೊಳೆಯಬೇಕಿತ್ತು, ಹೊಳೀಲಿಲ್ಲ. ಯಾಕಂದ್ರೆ ಹ್ಯಾಕಥಾನ್ ಅಂದ ಕೂಡಲೇ ನಾವೆಲ್ಲ ಉತ್ತರ ಮೊದಲು ಇಟ್ಕೊಂಡು ಪ್ರಶ್ನೆ ಆಮೇಲೆ ಹುಡುಕ್ತೀವಿ. ಕಸದಿಂದ ರಸ ಅನ್ನೋ ಪದಗುಚ್ಛ ಬಹುಮಾನ ತರುತ್ತೆ ಅಂತ ಗೊತ್ತಿತ್ತು, ಅಷ್ಟೇ.

ಆಮೇಲೆ ಮಾವ ಕಾರ್ಖಾನೆಯ ನಿಜವಾದ ಕಥೆ ಹೇಳಿದರು. ಕಬ್ಬು ಕಡಿದ ಗಳಿಗೆಯಿಂದ ಗಡಿಯಾರ ಓಡೋಕೆ ಶುರು. ಕಡಿದ ಬಾಯಿಯಿಂದ ಲ್ಯೂಕೋನಾಸ್ಟಾಕ್ ಒಳಗೆ ಹೋಗುತ್ತೆ. ಒಂದು ದಿನದೊಳಗೆ ಅರೆದರೆ ಅಂಥ ನಷ್ಟ ಇಲ್ಲ. ಯಾರ್ಡಿನಲ್ಲಿ ಬಿಸಿಲಲ್ಲಿ ಎರಡು ದಿನ, ಮೂರು ದಿನ ನಿಂತರೆ ಸುಕ್ರೋಸ್ ಡೆಕ್ಸ್‌ಟ್ರಾನ್ ಆಗ್ತಾ ಹೋಗುತ್ತೆ. ಸುಟ್ಟು ಕಡಿದ ಕಬ್ಬಾದರೆ ಇನ್ನೂ ಬೇಗ. ರಸ ಗಟ್ಟಿಯಾಗಿ ಸೋಸೋದು ನಿಧಾನ, ಹರಳು ಕಟ್ಟೋದು ನಿಧಾನ, ಕಟ್ಟಿದ ಹರಳೂ ಸೂಜಿ ಥರ ಉದ್ದ. ಇದಕ್ಕಿಂತ ಮಜಾ ಅಂದ್ರೆ ಮೀಟರೇ ಸುಳ್ಳು ಹೇಳುತ್ತೆ. ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡೋದು ಪೋಲಾರಿಮೀಟರಿನಲ್ಲಿ, ಬೆಳಕನ್ನ ಎಷ್ಟು ತಿರುಗಿಸುತ್ತೆ ಅಂತ. ಡೆಕ್ಸ್‌ಟ್ರಾನ್ ಸುಕ್ರೋಸ್‌ಗಿಂತ ಸುಮಾರು ಮೂರು ಪಟ್ಟು ತಿರುಗಿಸುತ್ತೆ, ಅದೂ ಅದೇ ದಿಕ್ಕಿಗೆ. ಅಂದ್ರೆ ಕೆಟ್ಟ ರಸ ಮೀಟರಿನಲ್ಲಿ ಇರೋದಕ್ಕಿಂತ ಒಳ್ಳೆಯದಾಗಿ ಕಾಣುತ್ತೆ. ಲೆಕ್ಕದಲ್ಲಿ ಇರೋ ಸಕ್ಕರೆ ಗೋಣಿಚೀಲದಲ್ಲಿ ಇರಲ್ಲ. ಡೆಕ್ಸ್‌ಟ್ರಾನೇಸ್ ಅನ್ನೋ ಕಿಣ್ವ ಹಾಕಿ ಸರಪಳಿ ಕತ್ತರಿಸಬಹುದು, ರಸ ತೆಳ್ಳಗಾಗುತ್ತೆ. ಆದರೆ ಹೋದ ಸಕ್ಕರೆ ವಾಪಸ್ ಬರಲ್ಲ.

ಆಗ ನಮಗೆ ಹೊಸ ಐಡಿಯಾ. ಲೋಳೆ ಮಾರೋದು ಬೇಡ, ಅಳೆಯೋಣ. ಕಾರ್ಖಾನೆ ಗೇಟಿನಲ್ಲೇ ಐದು ನಿಮಿಷದಲ್ಲಿ ಡೆಕ್ಸ್‌ಟ್ರಾನ್ ಎಷ್ಟಿದೆ ಅಂತ ಹೇಳೋ ಅಗ್ಗದ ಮೀಟರ್. ತತ್ವ ಹಳೆಯದೇ: ರಸಕ್ಕೆ ಆಲ್ಕೋಹಾಲ್ ಹಾಕಿದರೆ ಡೆಕ್ಸ್‌ಟ್ರಾನ್ ಮಬ್ಬಾಗಿ ಹೊರಬರುತ್ತೆ, ಆ ಮಬ್ಬನ್ನ ಬೆಳಕಿನಲ್ಲಿ ಅಳೆಯಬೇಕು. ಒಂದು ಎಲ್‌ಇಡಿ, ಒಂದು ಸೆನ್ಸರ್, ಒಂದು ಮೈಕ್ರೋಕಂಟ್ರೋಲರ್. ಎಲೆಕ್ಟ್ರಾನಿಕ್ಸ್‌ನವನು ಅವತ್ತೇ ಸರ್ಕ್ಯೂಟ್ ಬಿಡಿಸಿದ.

ತಡೆದದ್ದು ನಮ್ಮಲ್ಲೇ ಇನ್ನೊಬ್ಬ. ಅವನ ಮನೆ ಮಂಡ್ಯ ಕಡೆ, ಅಪ್ಪ ಕಬ್ಬು ಬೆಳೀತಾರೆ. ಇಷ್ಟು ಹೊತ್ತು ಸುಮ್ಮನಿದ್ದವನು ಕೇಳಿದ: "ಮೀಟರ್ ಯಾರ ಕೈಯಲ್ಲಿರುತ್ತೆ?"

ಅರ್ಥ ಆಗೋಕೆ ನಮಗೆ ಹೊತ್ತು ಹಿಡೀತು. ಕಬ್ಬು ಕಡಿಯೋದು ಕಾರ್ಖಾನೆ ಕೊಡೋ ಪರ್ಮಿಟ್ ದಿನಕ್ಕೆ. ಕಡಿಯೋ ಗ್ಯಾಂಗ್ ಬರೋದು ಅವರು ಬಂದಾಗ. ಗಾಡಿ ಸಾಲಿನಲ್ಲಿ ನಿಲ್ಲೋದು ಒಳಗೆ ಮಿಲ್ ನಿಂತಿದ್ದರೆ, ಕ್ರೇನ್ ಕೆಟ್ಟಿದ್ದರೆ, ಮುಂದೆ ಇನ್ನೂರು ಟ್ರ್ಯಾಕ್ಟರ್ ಇದ್ದರೆ. ನಿಂತಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತೆ, ಅದು ಈಗಲೇ ರೈತನ ನಷ್ಟ. ನಿಂತ ಗಾಡಿಯ ಬಾಡಿಗೆಯೂ ಅವನ ತಲೆಗೇ. ಇನ್ನು ಕೇಂದ್ರ ಸರ್ಕಾರ ನಿಗದಿ ಮಾಡೋ ಎಫ್‌ಆರ್‌ಪಿ ದರಕ್ಕೂ ರಿಕವರಿಗೂ ಗಂಟು ಹಾಕಿದ್ದಾರೆ. ರಿಕವರಿ ಅಂದ್ರೆ ನೂರು ಕೆ.ಜಿ. ಕಬ್ಬಿಗೆ ಎಷ್ಟು ಕೆ.ಜಿ. ಸಕ್ಕರೆ ಬಂತು ಅನ್ನೋ ಲೆಕ್ಕ. 2024-25ರ ಹಂಗಾಮಿಗೆ ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 340 ರೂಪಾಯಿ. ಆ ಹಂಗಾಮಿನಲ್ಲಿ ಅದರ ಮೇಲೆ ಪ್ರತಿ 0.1ಕ್ಕೆ 3.32 ರೂಪಾಯಿ ಏರ್ತಿತ್ತು, ಕೆಳಗೆ ಬಂದರೆ ಅಷ್ಟೇ ಇಳೀತಿತ್ತು, ಶೇ 9.5ರ ತನಕ. ಲೆಕ್ಕ ಹಿಡಿಯೋದು ಇಡೀ ಕಾರ್ಖಾನೆಯ ರಿಕವರಿ, ಅದೂ ಹಿಂದಿನ ಹಂಗಾಮಿನದ್ದು. ಅಂದ್ರೆ ಯಾರ್ಡಿನಲ್ಲಿ ಲೋಳೆಯಾದ ಸಕ್ಕರೆಗೆ ಮುಂದಿನ ವರ್ಷ ಊರಿಗೆ ಊರೇ ಬೆಲೆ ತೆರುತ್ತೆ, ತಾಜಾ ಕಬ್ಬು ತಂದವನೂ ಸೇರಿ.

"ನಿಮ್ಮ ಮೀಟರ್ ಗೇಟಲ್ಲಿಟ್ಟರೆ ಏನಾಗುತ್ತೆ ಗೊತ್ತಾ?" ಅಂದ ಅವನು. "ನಂಬರ್ ತೋರಿಸಿ, ನಿನ್ನ ಕಬ್ಬು ಹಳಸಿದೆ, ಇಷ್ಟು ಕಡಿತ ಅಂತಾರೆ. ಹಳಸಿದ್ದು ಯಾರಿಂದ ಅಂತ ಮೀಟರ್ ಹೇಳುತ್ತಾ?"

ನಾವ್ಯಾರೂ ಮಾತಾಡಲಿಲ್ಲ. ಕ್ಯಾಂಟೀನ್ ಟೀ ಆರಿಹೋಯಿತು.

ಇಲ್ಲಿಂದ ಮುಂದಿನದು ನಮ್ಮ ಅಭಿಪ್ರಾಯ. ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಬರೀರಿ. ಮೀಟರ್ ಬೇಡ ಅಂತ ನಾವು ಹೇಳಲ್ಲ. ಅಳತೆ ಇಲ್ಲದಿದ್ದರೆ ಈಗಿನ ಹಾಗೆ ಎಲ್ಲ ನಷ್ಟವೂ ಸರಾಸರಿಯಲ್ಲಿ ಕರಗಿಹೋಗುತ್ತೆ, ಯಾರೂ ಹೊಣೆ ಅಲ್ಲ. ಆದರೆ ಬರೀ ಡೆಕ್ಸ್‌ಟ್ರಾನ್ ಅಳೆಯೋ ಮೀಟರ್ ಅರ್ಧ ಮೀಟರ್. ಇನ್ನರ್ಧ ಸಮಯ. ಕಡಿದದ್ದು ಎಷ್ಟು ಗಂಟೆಗೆ, ಗೇಟಿಗೆ ಬಂದದ್ದು ಎಷ್ಟು ಗಂಟೆಗೆ, ತೂಕದ ಕಟ್ಟೆ ಹತ್ತಿದ್ದು ಎಷ್ಟು ಗಂಟೆಗೆ, ಈ ಮೂರು ಮುದ್ರೆ ಒಂದೇ ಚೀಟಿಯಲ್ಲಿ ಡೆಕ್ಸ್‌ಟ್ರಾನ್ ನಂಬರಿನ ಪಕ್ಕ ಇರಬೇಕು. ಚೀಟಿ ರೈತನ ಕೈಗೂ ಹೋಗಬೇಕು, ಕನ್ನಡದಲ್ಲಿ ಇರಬೇಕು. ಮೀಟರನ್ನ ತೂಕದ ಕಟ್ಟೆಯಲ್ಲೂ ಇಡಬೇಕು, ಗೇಟಿನಲ್ಲೂ ಇಡಬೇಕು. ಎರಡು ನಂಬರಿನ ನಡುವಿನ ವ್ಯತ್ಯಾಸ ಯಾರ್ಡಿನದ್ದು, ರೈತನದ್ದಲ್ಲ. ಮಾವನಿಗೆ ಇದನ್ನ ಹೇಳಿದಾಗ ಈ ಸಲ ನಗಲಿಲ್ಲ. "ಮೊದಲ ನಂಬರ್ ಕೊಡೋಕೆ ಯಾವ ಕಾರ್ಖಾನೆನೂ ಒಪ್ಪಲ್ಲ, ನೋಡ್ತಿರು" ಅಂದರು. ಇರಬಹುದು. ಒಪ್ಪದ ಕಾರ್ಖಾನೆ ಯಾಕೆ ಒಪ್ಪಲ್ಲ ಅನ್ನೋದೂ ಒಂದು ಮಾಹಿತಿಯೇ.

ಇನ್ನೊಂದು ದೂರು, ನಮ್ಮ ಮೇಲೆಯೇ. ನಮ್ಮ ಲ್ಯಾಬ್‌ನಲ್ಲಿ ಪ್ರೋಟೀನ್ ಬೇರ್ಪಡಿಸೋ ಸೆಫಾಡೆಕ್ಸ್ ಕಾಲಂ ಇದೆ. ಅದನ್ನ ಮುಟ್ಟೋ ಮೊದಲು ಸಹಿ ಹಾಕಬೇಕು, ಅಷ್ಟು ದುಬಾರಿ. ಆ ಬಿಳಿ ಮಣಿಗಳು ಬೇರೇನೂ ಅಲ್ಲ, ಅಡ್ಡಕೊಂಡಿ ಹಾಕಿ ಬಲೆ ಮಾಡಿದ ಡೆಕ್ಸ್‌ಟ್ರಾನ್. ಉಪ್ಸಾಲಾದ ಪೋರಾತ್ ಮತ್ತು ಫ್ಲೋಡಿನ್ 1959ರಲ್ಲಿ ಹೊರತಂದದ್ದು. ಸೆಪರೇಷನ್, ಫಾರ್ಮಾಸಿಯಾ, ಡೆಕ್ಸ್‌ಟ್ರಾನ್ ಮೂರೂ ಸೇರಿ ಸೆಫಾಡೆಕ್ಸ್. ಕಾಲಂ ಸರಿಯಾಗಿದೆಯಾ ನೋಡೋಕೆ ಮೊದಲು ಬಿಡೋ ನೀಲಿ ಬಣ್ಣವೂ ಇಪ್ಪತ್ತು ಲಕ್ಷ ಅಣುತೂಕದ ಡೆಕ್ಸ್‌ಟ್ರಾನೇ. ನಾವು ಅದನ್ನ ನೋಡಿ ರೆಕಾರ್ಡ್ ಬರೆದು, ಸಹಿ ಹಾಕಿಸಿ, ಮಾರ್ಕ್ಸ್ ತಗೊಂಡ್ವಿ. ಆ ಮಣಿಗೂ ನಮ್ಮ ಗೆಳೆಯನ ಅಪ್ಪ ಸಾಲಿನಲ್ಲಿ ನಿಂತು ಕಾಯೋ ಗಾಡಿಗೂ ಸಂಬಂಧ ಇದೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಂಟರ್ನ್‌ಶಿಪ್ ಅಂದ್ರೆ ನಮಗೆ ಆನ್‌ಲೈನ್ ಸರ್ಟಿಫಿಕೇಟ್. ಕ್ಯಾಂಪಸ್ಸಿನಿಂದ ಬಸ್ಸಿನಲ್ಲಿ ಹೋಗಿಬರೋ ದೂರದಲ್ಲಿ ಹಂಗಾಮಿನಲ್ಲಿ ಹಗಲೂ ರಾತ್ರಿ ಓಡೋ ಒಂದು ಮಿಲ್ ಇದ್ದರೂ ಅಲ್ಲಿಗೆ ಹೋದ ಸೀನಿಯರ್ ಒಬ್ಬರೂ ಸಿಗಲಿಲ್ಲ.

ಈಗ ಎಲ್ಲಿಗೆ ಬಂದಿದೆ ಅಂದ್ರೆ: ಕಾಲೇಜ್ ಗೇಟಿನ ಮುಂದಿನ ಕಬ್ಬಿನ ಹಾಲಿನ ಅಂಗಡಿಯಿಂದ ನಿಂಬೆ, ಶುಂಠಿ, ಐಸ್ ಏನೂ ಹಾಕದ ರಸ ತಂದು (ಅಂಗಡಿಯವರು ವಿಚಿತ್ರವಾಗಿ ನೋಡಿದರು) ಮೂರು ಬಾಟಲಿಗೆ ತುಂಬಿದ್ವಿ. ಒಂದನ್ನ ಅವತ್ತೇ, ಒಂದನ್ನ ಮರುದಿನ, ಒಂದನ್ನ ಮೂರನೇ ದಿನ ಪರೀಕ್ಷೆ ಮಾಡಿದ್ವಿ. ಪ್ರೋಟೀನ್ ತೆಗೆಯೋಕೆ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಹಾಕಿ, ಸೋಸಿ, ಆಲ್ಕೋಹಾಲ್. ಮೊದಲ ದಿನದ್ದು ಹೆಚ್ಚುಕಮ್ಮಿ ತಿಳಿ. ಮೂರನೇ ದಿನದ್ದು ಅಕ್ಕಿ ತೊಳೆದ ನೀರು. ಬಾಟಲಿ ಬಗ್ಗಿಸಿದರೆ ಎಳೆ ಬರ್ತಿತ್ತು, ರೂಮ್‌ಮೇಟ್ ಓಡಿಹೋದ. ಆದರೆ ಇಷ್ಟಕ್ಕೇ ಕುಣಿಯೋ ಹಾಗಿಲ್ಲ. ಪಿಷ್ಟ ಇದ್ದರೂ ಮಬ್ಬಾಗುತ್ತೆ, ಅದನ್ನ ಮೊದಲು ಅಮೈಲೇಸ್ ಹಾಕಿ ಕರಗಿಸಬೇಕಿತ್ತು, ನಾವು ಮರೆತಿದ್ವಿ. ಮತ್ತೆ, ಬಾಟಲಿಯಲ್ಲಿಟ್ಟ ರಸ ಬೇರೆ, ಯಾರ್ಡಿನಲ್ಲಿ ನಿಂತ ಇಡೀ ಕಬ್ಬು ಬೇರೆ.

ಅದಕ್ಕೆ ಸಂಕ್ರಾಂತಿಗೆ ಊರಿಗೆ ಹೋಗೋರಲ್ಲಿ ಯಾರ ಮನೆಯಲ್ಲಾದರೂ ಕಬ್ಬು ಕಟಾವು ಇದ್ದರೆ ಒಂದು ಕೇಳಿಕೆ. ಬರುವಾಗ ಮೂರು ಜಲ್ಲೆ ತನ್ನಿ. ಹಬ್ಬಕ್ಕೆ ಕಟ್ಟೋ ಕರಿಕಬ್ಬು ಬೇಡ, ಮಿಲ್ಲಿಗೆ ಹೋಗೋ ಕಬ್ಬು. ಕಡಿದ ತಾರೀಖು, ಗಂಟೆ ಒಂದು ಚೀಟಿಯಲ್ಲಿ ಬರೆದು ಜಲ್ಲೆಗೆ ಕಟ್ಟಿ. ಬಯೋಕೆಮಿಸ್ಟ್ರಿ ಲ್ಯಾಬ್‌ನ ಹೊರಗಿನ ಮೇಜಿನ ಮೇಲೆ ಇಟ್ಟರೆ ಸಾಕು, ಉಳಿದದ್ದು ನಾವು ನೋಡ್ಕೋತೀವಿ. ಅಮೈಲೇಸ್ ಈ ಸಲ ಮರೆಯಲ್ಲ.